ಹೊಗೆ ಕಾಣ್ತಿರಬೇಕು: ನೈಟ್ರೋ ಟ್ರಕ್ಕಿನ ಎಂಜಿನ್ ಟ್ಯೂನಿಂಗ್, ಇಂಧನ ಮತ್ತು ನಮ್ಮ ಕಡೆಯ ಹವೆ

ಎರಡು ವರ್ಷದ ಹಿಂದೆ ನವೆಂಬರ್‌ನಲ್ಲಿ ನಾನು ಒಂದು ಒಳ್ಳೆಯ ಎಂಜಿನ್ ಕೊಂದೆ. ನನ್ನ ನೈಟ್ರೋ ಟ್ರಕ್ಕಿನದು, ಅಂದರೆ ಮೆಥನಾಲ್ ಅನ್ನುವ ಆಲ್ಕೊಹಾಲ್ ಮತ್ತು ನೈಟ್ರೋಮೀಥೇನ್ ಬೆರೆಸಿದ ಇಂಧನದಲ್ಲಿ ಓಡುವ ರಿಮೋಟಿನ ಆಟಿಕೆ ಟ್ರಕ್ಕಿನದು. ಶನಿವಾರ ಮಧ್ಯಾಹ್ನ ವಿಜಯಪುರದಲ್ಲಿ, ಊರ ಹೊರಗಿನ ಎರೆ ಹೊಲದ ಬದುವಿನ ಮೇಲೆ ಕೂತು ಅದನ್ನು ಟ್ಯೂನ್ ಮಾಡಿದ್ದೆ. ಬಿಸಿಲು 31 ಡಿಗ್ರಿ. ಎಂಜಿನ್ನಿಗೆ ಎಷ್ಟು ಇಂಧನ ಹೋಗಬೇಕು ಅಂತ ಹೇಳುವ ಸ್ಕ್ರೂ, ಅಂದರೆ ನೀಡಲ್ ಅನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಿರುಗಿಸುತ್ತಾ, ಇನ್ನೊಂದು ಚೂರು ಮುಟ್ಟಿದರೂ ಕೆಡುತ್ತದೆ ಅನ್ನುವ ಜಾಗಕ್ಕೆ ತಂದು ನಿಲ್ಲಿಸಿದ್ದೆ. ಆವತ್ತೇ ಸಂಜೆ ಗೆಳೆಯನ ಕಾರಿನಲ್ಲಿ ಬೆಳಗಾವಿಗೆ ಹೊರಟೆವು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿ 16 ಡಿಗ್ರಿ ಚಳಿ. ಎಂಜಿನ್ ತಣ್ಣಗೆ ಇರುತ್ತೆ, ಇನ್ನೂ ಒಳ್ಳೆಯದೇ ಅಲ್ವಾ ಅಂದುಕೊಂಡು ನೀಡಲ್ ಮುಟ್ಟಲಿಲ್ಲ.

ಮೊದಲ ಎರಡು ಸುತ್ತು ಆ ಟ್ರಕ್ಕು ಹಿಂದೆಂದೂ ಓಡದಷ್ಟು ಜೋರಾಗಿ ಓಡಿತು. ನೋಡಲು ನಿಂತಿದ್ದ ಹುಡುಗರು ಸಿಳ್ಳೆ ಹೊಡೆದರು. ಮೂರನೇ ಸುತ್ತಿನಲ್ಲಿ ಒಮ್ಮೆ ಕಿರುಚಿ ನಿಂತುಬಿಟ್ಟಿತು. ಪ್ಲಗ್ ಬಿಚ್ಚಿದರೆ ಒಳಗಿನ ತಂತಿಯೇ ಇರಲಿಲ್ಲ. ಅದು ಮುರಿದು ಸಿಲಿಂಡರಿನೊಳಗೆ ಬಿದ್ದು, ಪಿಸ್ಟನ್ನಿನ ತಲೆಯನ್ನು ಗೀಚಿತ್ತು.

ತಪ್ಪು ಪೂರ್ತಿ ನನ್ನದೇ. ಚಳಿಯಲ್ಲಿ ಎಂಜಿನ್ ಯಾಕೆ ಸತ್ತಿತು ಅನ್ನೋದು ಗೊತ್ತಾಗಬೇಕಾದರೆ, ಈ ಪುಟ್ಟ ಎಂಜಿನ್ ಹೇಗೆ ಉಸಿರಾಡುತ್ತದೆ, ಏನು ಕುಡಿಯುತ್ತದೆ ಅಂತ ಮೊದಲು ನೋಡಬೇಕು.

ಕಿಡಿ ಇಲ್ಲದ ಎಂಜಿನ್

ಸ್ಕೂಟಿಯ ಎಂಜಿನ್ 110 ಸಿಸಿ ಅಂತ ಇಟ್ಟುಕೊಳ್ಳಿ. ನೈಟ್ರೋ ಟ್ರಕ್ಕಿನದು ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕೂವರೆ ಸಿಸಿ, ಅಷ್ಟೇ. ಅಂಗಡಿಯವರು ‘ಪಾಯಿಂಟ್ 21’ ಅಂದರೆ ಅದು ಘನ ಇಂಚಿನ ಲೆಕ್ಕ. 0.21 ಘನ ಇಂಚು ಅಂದರೆ ಸುಮಾರು ಮೂರೂವರೆ ಸಿಸಿ. ಟ್ರ್ಯಾಕ್ಸಸ್ ಕಂಪನಿಯ 3.3 ಎಂಜಿನ್ ಹೆಸರಿನಲ್ಲೇ ಸಿಸಿ ಹೇಳಿಬಿಡುತ್ತದೆ. ಅಳತೆ ಸಣ್ಣದು, ಆದರೆ ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ 30,000 ಸುತ್ತಿನ ಹತ್ತಿರ ತಿರುಗುತ್ತದೆ. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಂದು ಸಲ ಉರಿಯುತ್ತದೆ. ಅಂದರೆ ಸೆಕೆಂಡಿಗೆ 500 ಸಲ.

ಇದರಲ್ಲಿ ಬೈಕಿನ ಹಾಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಇರುವುದು ಗ್ಲೋ ಪ್ಲಗ್. ಅದರೊಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ. ಚಾಲೂ ಮಾಡುವಾಗ ಮಾತ್ರ ಸುಮಾರು ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಆ ಸುರುಳಿಯನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಹಿಡಿದ ಮೇಲೆ ಬ್ಯಾಟರಿ ತೆಗೆದರೂ ತಂತಿ ಆರುವುದಿಲ್ಲ. ಪ್ರತಿ ಉರಿಯ ಬಿಸಿ ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮಜಾ ಇದೆ: ಮೆಥನಾಲ್ ಆವಿ ಪ್ಲಾಟಿನಂ ಮುಟ್ಟಿದರೆ ಅಲ್ಲೇ ಗಾಳಿಯ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ. ಪ್ಲಾಟಿನಂ ಸವೆಯುವುದಿಲ್ಲ, ಸುಮ್ನೆ ಮಧ್ಯಸ್ಥಿಕೆ ಮಾಡುತ್ತದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ರೇ ಆರ್ಡನ್ ಈ ಪ್ಲಗ್ಗನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಮೊದಲು ಆಟಿಕೆ ವಿಮಾನಗಳು ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲ ಹೊತ್ತುಕೊಂಡು ಹಾರಬೇಕಿತ್ತು.

ಅಣ್ಣನ ಮಗ ಮೊದಲ ಸಲ ಕೇಳಿದ್ದು ಇದೇ: “ಕಾಕಾ, ಪೆಟ್ರೋಲ್ ಹಾಕಿದ್ರ ಆಗಂಗಿಲ್ಲೇನು? ಅಗ್ಗ ಬೀಳ್ತೈತಿ.” ಆಗುವುದಿಲ್ಲ. ಪ್ಲಾಟಿನಂ ಜೊತೆ ಪೆಟ್ರೋಲಿಗೆ ಆ ಹೊಂದಾಣಿಕೆ ಇಲ್ಲ. ಮೇಲಾಗಿ ಟ್ರಕ್ಕಿನ ಸಿಲಿಕಾನ್ ಪೈಪು ಪೆಟ್ರೋಲ್ ತಾಗಿದರೆ ಉಬ್ಬಿ ಹಾಳಾಗುತ್ತದೆ. ಮುಧೋಳ, ಜಮಖಂಡಿ, ಅಥಣಿ ಕಡೆ ಸಕ್ಕರೆ ಕಾರ್ಖಾನೆಗಳು ಬೇಕಾದಷ್ಟಿವೆ. ಹಾಗಾಗಿ “ಎಥನಾಲ್ ಹಾಕೋಣೇನು” ಅನ್ನುವ ಪ್ರಶ್ನೆಯೂ ಬರುತ್ತದೆ. ಎಥನಾಲ್, ಮೆಥನಾಲ್ ಅಣ್ಣತಮ್ಮಂದಿರೇ. ಆದರೆ ಗ್ಲೋ ಪ್ಲಗ್ಗಿನ ತಂತಿಯನ್ನು ಆರದ ಹಾಗೆ ಇಡುವ ಕೆಲಸ ಮೆಥನಾಲ್ ಮಾಡಿದಷ್ಟು ಚೆನ್ನಾಗಿ ಎಥನಾಲ್ ಮಾಡುವುದಿಲ್ಲ.

ಇನ್ನೊಂದು ವಿಚಿತ್ರ ಸಿಲಿಂಡರಿನಲ್ಲಿದೆ. ಹೊಸ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಮೇಲೆ ಹೋದಾಗ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಹೊಸಬರು ಜಾಮ್ ಆಗಿದೆ ಅಂತ ಗಾಬರಿಯಾಗುತ್ತಾರೆ. ನಾನು ಕೊಂದ ಎಂಜಿನ್ನನ್ನು ಬೆಳಗಾವಿಯ ಉದ್ಯಮಬಾಗದ ಒಂದು ಲೇತ್ ಅಂಗಡಿಗೆ ಒಯ್ದಿದ್ದೆ. ಅಲ್ಲಿನ ಹಿರಿಯರು ತೋಳನ್ನು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯನ್ನು, ಕಣ್ಣಿಗೆ ಹಿಡಿದು, ಒಳಗಿನ ಅಳತೆ ನೋಡುವ ಬೋರ್ ಗೇಜ್ ಇಳಿಸಿ, “ಮ್ಯಾಲ ಟೇಪರ್ ಐತ್ರಿ ಸರ. ಬೇಕಂತನ ಮಾಡ್ಯಾರ” ಅಂದರು. ಸರಿಯಾಗೇ ಹೇಳಿದರು. ಪಿಸ್ಟನ್ ಅಲ್ಯುಮಿನಿಯಂ. ತೋಳು ಹಿತ್ತಾಳೆ, ಒಳಗೆ ಕ್ರೋಮ್ ಲೇಪ. ಉಂಗುರ ಇಲ್ಲ, ಅಂದರೆ ಪಿಸ್ಟನ್ ರಿಂಗ್ ಇಲ್ಲ. ತೋಳಿನ ಮೇಲ್ಭಾಗ ಕೆಳಭಾಗಕ್ಕಿಂತ ಕೂದಲೆಳೆಯಷ್ಟು ಕಿರಿದು. ಓಡುವಾಗ ಮೇಲ್ಭಾಗವೇ ಜಾಸ್ತಿ ಕಾಯುತ್ತದೆ, ಜಾಸ್ತಿ ಹಿಗ್ಗುತ್ತದೆ. ಆಗ ತೋಳು ಮೇಲಿಂದ ಕೆಳಗೆ ಒಂದೇ ಅಳತೆಗೆ ಬರುತ್ತದೆ. ಅಂದರೆ ಈ ಎಂಜಿನ್ ಸರಿಯಾದ ಅಳತೆಗೆ ಬರುವುದೇ ಕಾದ ಮೇಲೆ. ತಣ್ಣಗಿದ್ದಾಗ ಅದು ತನ್ನನ್ನು ತಾನೇ ಉಜ್ಜಿಕೊಳ್ಳುತ್ತಿರುತ್ತದೆ.

ಒಂದೇ ನೀಡಲ್, ಮೂರು ಕೆಲಸ

ಕಾರಿನಲ್ಲಿ ಪೆಟ್ರೋಲ್ ಉರಿಯುತ್ತದೆ, ಎಂಜಿನ್ ಆಯಿಲ್ ಜಾರಿಸುತ್ತದೆ, ರೇಡಿಯೇಟರ್ ತಣಿಸುತ್ತದೆ. ಮೂರಕ್ಕೂ ಬೇರೆ ಬೇರೆ ವ್ಯವಸ್ಥೆ. ನೈಟ್ರೋ ಎಂಜಿನ್ನಿನಲ್ಲಿ ಈ ಮೂರನ್ನೂ ಒಂದೇ ಡಬ್ಬಿಯ ಇಂಧನ ಮಾಡಬೇಕು. ಉರಿಯಲು ಮೆಥನಾಲ್ ಮತ್ತು ನೈಟ್ರೋ. ಜಾರಲು ಅದರಲ್ಲೇ ಬೆರೆಸಿದ ಎಣ್ಣೆ. ತಣಿಯಲು ಆವಿಯಾಗುವ ಮೆಥನಾಲ್. ಒಂದು ಕೆಜಿ ಮೆಥನಾಲ್ ಆವಿಯಾಗಲು ಹೀರುವ ಬಿಸಿ ಪೆಟ್ರೋಲಿನ ಸುಮಾರು ಮೂರು ಪಟ್ಟು. ಮೇಲಾಗಿ ಅಷ್ಟೇ ಗಾಳಿಗೆ ಎರಡು ಪಟ್ಟಿಗೂ ಜಾಸ್ತಿ ಮೆಥನಾಲ್ ಒಳಗೆ ಹೋಗುತ್ತದೆ.

ಹಾಗಾಗಿ ಕಾರ್ಬ್ಯುರೇಟರಿನ ನೀಡಲ್ ಒಳಗೆ ತಿರುಗಿಸಿದರೆ ಇಂಧನ ಕಡಿಮೆಯಾಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಎಣ್ಣೆಯೂ ಕಡಿಮೆ, ತಂಪೂ ಕಡಿಮೆ. ಮೂರೂ ಒಟ್ಟಿಗೆ ಕಡಿಮೆ. ಆದರೆ ಮಿಶ್ರಣ ತೆಳುವಾದಂತೆ, ಅಂದರೆ ‘ಲೀನ್’ ಆದಂತೆ, ಒಂದು ಹಂತದವರೆಗೆ ಎಂಜಿನ್ ಇನ್ನೂ ಚುರುಕಾಗುತ್ತದೆ. ಮೋಸ ಇರುವುದೇ ಇಲ್ಲಿ. ಸಾಯುವ ಮೊದಲಿನ ಎರಡು ನಿಮಿಷ ಅದು ತನ್ನ ಜೀವನದಲ್ಲೇ ಚೆನ್ನಾಗಿ ಓಡುತ್ತದೆ. ನನ್ನ ಎಂಜಿನ್ ಓಡಿದ ಹಾಗೆ. ಇಂಧನ ಜಾಸ್ತಿಯಾದರೆ, ಅಂದರೆ ‘ರಿಚ್’ ಆದರೆ, ಎಂಜಿನ್ ಗೊಳಗೊಳ ಅನ್ನುತ್ತದೆ, ದಪ್ಪ ಹೊಗೆ ಬಿಡುತ್ತದೆ, ಮೈಮೇಲೆಲ್ಲ ಎಣ್ಣೆ ಉಗುಳುತ್ತದೆ. ನೋಡಲು ಅಸಹ್ಯ, ಆದರೆ ಬದುಕಿರುತ್ತದೆ. ಅನುಮಾನ ಬಂದರೆ ರಿಚ್ ಕಡೆಗೇ ಇರಿ.

ಡಬ್ಬಿಯಲ್ಲಿ ಏನಿದೆ

ಡಬ್ಬಿಯ ಮೇಲೆ ದೊಡ್ಡದಾಗಿ ‘20’ ಅಂತ ಬರೆದಿದ್ದರೆ ಅದು ನೈಟ್ರೋಮೀಥೇನಿನ ಶೇಕಡಾವಾರು. ಎಲ್ಲರೂ ಆ ಅಂಕಿಯನ್ನೇ ನೋಡುತ್ತಾರೆ. ನಾನು ಮೊದಲು ನೋಡುವುದು ಹಿಂಬದಿ ಸಣ್ಣ ಅಕ್ಷರದಲ್ಲಿರುವ ಎಣ್ಣೆಯ ಅಂಕಿ. ಅದಕ್ಕೆ ಆಮೇಲೆ ಬರುತ್ತೇನೆ.

ನೈಟ್ರೋಮೀಥೇನ್ ಯಾಕೆ ಬೇಕು? ಕೆಜಿ ಲೆಕ್ಕದಲ್ಲಿ ನೋಡಿದರೆ ಅದರಲ್ಲಿರುವ ಶಕ್ತಿ ಪೆಟ್ರೋಲಿನ ಕಾಲು ಭಾಗ ಮಾತ್ರ. ಆದರೆ ಎಂಜಿನ್ನಿಗೆ ಕೊರತೆ ಇರುವುದು ಇಂಧನದ್ದಲ್ಲ, ಗಾಳಿಯದು. ಮೂರೂವರೆ ಸಿಸಿಯಲ್ಲಿ ಎಷ್ಟು ಗಾಳಿ ಹಿಡಿದೀತು? ನೈಟ್ರೋಮೀಥೇನ್ ತನ್ನ ಮೈಯಲ್ಲೇ ಆಮ್ಲಜನಕ ಕಟ್ಟಿಕೊಂಡು ಬರುತ್ತದೆ. ಬುತ್ತಿ ಕಟ್ಟಿಕೊಂಡು ಬಂದ ಅತಿಥಿ ಇದ್ದ ಹಾಗೆ. ಒಂದು ಕೆಜಿ ಗಾಳಿಯಲ್ಲಿ ಪೆಟ್ರೋಲ್ ಉರಿಯುವುದು ಸುಮಾರು 68 ಗ್ರಾಂ, ಮೆಥನಾಲ್ 154 ಗ್ರಾಂ, ನೈಟ್ರೋಮೀಥೇನ್ 590 ಗ್ರಾಂ. ಬರುವ ಶಕ್ತಿಯನ್ನು ಲೆಕ್ಕ ಹಾಕಿದರೆ ಪೆಟ್ರೋಲ್, ಮೆಥನಾಲ್ ಎರಡೂ ಮೂರು ಮೆಗಾಜೂಲಿನ ಆಸುಪಾಸು. ನೈಟ್ರೋಮೀಥೇನ್ ಆರೂವರೆಯ ಹತ್ತಿರ. ಅದೇ ಉಸಿರಿಗೆ ಎರಡು ಪಟ್ಟು ಕಸುವು.

ಹಾಗಾದರೆ ಜಾಸ್ತಿ ನೈಟ್ರೋ ಹಾಕಿದಷ್ಟೂ ಒಳ್ಳೆಯದೇ? ಈ ಲೆಕ್ಕದಲ್ಲೇ ಉತ್ತರ ಇದೆ. ನೈಟ್ರೋ ಜಾಸ್ತಿಯಾದರೆ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಶೇ. 20ರ ಡಬ್ಬಿ ಮುಗಿದು ಶೇ. 30ರದ್ದನ್ನು ತುಂಬಿ, ನೀಡಲ್ ಹಾಗೇ ಬಿಟ್ಟರೆ ಎಂಜಿನ್ ಲೀನ್ ಆಗುತ್ತದೆ. ನೀಡಲ್ ಹೊರಗೆ ತಿರುಗಿಸಿ ಜಾಸ್ತಿ ಬಿಡಬೇಕು. ಎಂಜಿನ್ನಿನ ತಲೆಯ ಕೆಳಗೆ ಒಂದು ಶಿಮ್, ಅಂದರೆ ತೆಳು ಲೋಹದ ಬಿಲ್ಲೆ, ಕೂರಿಸಿ ಒತ್ತಡ ಇಳಿಸಬೇಕಾಗಬಹುದು, ಇಲ್ಲದಿದ್ದರೆ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪ್ಲಗ್ಗಿನ ತಂತಿ ಹಾರುತ್ತದೆ. ಪ್ಲಗ್ ಕೂಡ ‘ಕೋಲ್ಡ್’ ಜಾತಿಯದಕ್ಕೆ, ಅಂದರೆ ತಂತಿ ಕಡಿಮೆ ಕಾಯುವಂಥದಕ್ಕೆ, ಬದಲಿಸಬೇಕು. ದುಡ್ಡೂ ಜಾಸ್ತಿ. ಕೆಳಗೆ ಹೋದರೆ, ಅಂದರೆ ಶೇ. 10ಕ್ಕೆ ಇಳಿದರೆ, ಓಡುತ್ತದೆ. ಆದರೆ ನಿಂತಲ್ಲಿ ಸಮನಾಗಿ ಉಸಿರಾಡುವುದಿಲ್ಲ, ಟ್ಯೂನಿಂಗ್ ಹಟ ಮಾಡುತ್ತದೆ. ಟ್ರಕ್ಕಿಗೆ, ಅದರಲ್ಲೂ ಹೊಸಬರ ಟ್ರಕ್ಕಿಗೆ, ಶೇ. 20 ಸರಿಯಾದ ಜಾಗ. ಎಂಜಿನ್ ಜೊತೆ ಬಂದ ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ಮಾತು. ಒಮ್ಮೆ ಆರಿಸಿದ ಮೇಲೆ ಅದೇ ಕಂಪನಿ, ಅದೇ ಅಂಕಿಗೆ ಅಂಟಿಕೊಳ್ಳಿ. ಡಬ್ಬಿ ಬದಲಿಸಿದ ಪ್ರತಿ ಸಲವೂ ಟ್ಯೂನಿಂಗ್ ಮೊದಲಿಂದ ಮಾಡಬೇಕು.

ಈಗ ಎಣ್ಣೆ. ನಮ್ಮ ಕಡೆ ಡೀಸೆಲ್ಲಿಗೂ ಎಣ್ಣಿ ಅಂತೀವಿ. ಇಲ್ಲಿ ಎಣ್ಣೆ ಅಂದರೆ ಜಾರಿಸುವ ಎಣ್ಣೆ ಮಾತ್ರ. ಕಾರು, ಟ್ರಕ್ಕುಗಳ ಇಂಧನದಲ್ಲಿ ಅದು ಸಾಮಾನ್ಯವಾಗಿ ಶೇ. 8ರಿಂದ 14. ವಿಮಾನದ ಇಂಧನದಲ್ಲಿ ಶೇ. 18, 20ರವರೆಗೂ ಇರುತ್ತದೆ, ನೈಟ್ರೋ ಕಡಿಮೆ. ಎರಡೂ ಡಬ್ಬಿ ಒಂದೇ ಥರ ಕಾಣುತ್ತವೆ. ವಿಮಾನದ್ದನ್ನು ಟ್ರಕ್ಕಿಗೆ ಹಾಕಿದರೆ ಎಂಜಿನ್ ಸಾಯುವುದಿಲ್ಲ, ಮಂಕಾಗಿ ಓಡುತ್ತದೆ, ಎಲ್ಲೆಡೆ ಜಿಡ್ಡು. ಶೇ. 8ರ ಡಬ್ಬಿ ರೇಸಿನವರಿಗೆ. ನೀಡಲ್ ಮೇಲೆ ಅವರಿಗೆ ಹಿಡಿತ ಇರುತ್ತದೆ, ಎಂಜಿನ್ ಆಗಾಗ ಬದಲಿಸುತ್ತಾರೆ. ಟ್ಯೂನಿಂಗ್ ಕಲಿಯುವವರಿಗೆ ಶೇ. 12ರ ಮೇಲಿರಲಿ. ಆ ಜಾಸ್ತಿ ನಾಲ್ಕು ಶೇಕಡಾ ಎಣ್ಣೆ ನಿಮ್ಮ ತಪ್ಪುಗಳಿಗೆ ಕಟ್ಟಿದ ವಿಮೆ.

ಆ ಎಣ್ಣೆಯಲ್ಲೂ ಎರಡು ಜಾತಿ. ಒಂದು ಕಾರ್ಖಾನೆಯ ಸಿಂಥೆಟಿಕ್, ಇನ್ನೊಂದು ಔಡಲ ಎಣ್ಣೆ. ಹೌದು, ನಮ್ಮ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಔಡಲ. ಎಂಜಿನ್ ಮಿತಿಮೀರಿ ಕಾದಾಗ ಸಿಂಥೆಟಿಕ್ ಸುಟ್ಟುಹೋದರೂ ಔಡಲ ಲೋಹಕ್ಕೆ ಅಂಟಿಕೊಂಡು ಕಾಯುತ್ತದೆ. ತುಕ್ಕನ್ನೂ ತಡೆಯುತ್ತದೆ. ಆದರೆ ಪಿಸ್ಟನ್ನಿನ ಮೇಲೆ ಕಂದು ಬಣ್ಣದ ಗಟ್ಟಿ ಪದರ ಬಿಡುತ್ತದೆ. ಸಿಂಥೆಟಿಕ್ ಸ್ವಚ್ಛವಾಗಿ ಓಡಿಸುತ್ತದೆ. ಅದಕ್ಕೇ ಹೆಚ್ಚಿನ ಕಂಪನಿಗಳು ಎರಡನ್ನೂ ಬೆರೆಸುತ್ತವೆ. ಸಂತೆಯಲ್ಲಿ ಸಿಗುವ ಔಡಲ ಎಣ್ಣೆ ತಂದು ಸುರಿಯಬೇಡಿ. ಇಂಧನಕ್ಕೆ ಹಾಕುವುದು ಅಂಟು, ಕಸ ತೆಗೆದು ಶುದ್ಧ ಮಾಡಿದ ಎಣ್ಣೆ.

ಮನೆಯಲ್ಲೇ ಇಂಧನ ಬೆರೆಸುವ ಮಾತು ನಾನು ಎತ್ತುವುದೇ ಇಲ್ಲ. ಮೆಥನಾಲ್ ವಿಷ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರಲ್ಲ, ಕೊಂದದ್ದು ಇದೇ ಮೀಥೈಲ್ ಆಲ್ಕೊಹಾಲ್. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಕೈಗವಸು ಹಾಕಿಕೊಳ್ಳಿ. ಖಾಲಿ ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಯಾವ ಕಾರಣಕ್ಕೂ ಸುರಿಯಬೇಡಿ. ನೈಟ್ರೋ ಇಂಧನಕ್ಕೆ ಎಷ್ಟೋ ಸಲ ಬಣ್ಣ ಹಾಕಿರುತ್ತಾರೆ, ಮಕ್ಕಳ ಕಣ್ಣಿಗೆ ಶರಬತ್ತು.

ಇನ್ನೊಂದು ಅಪಾಯ ಬಿಸಿಲಲ್ಲಿ ಕಾಣುವುದಿಲ್ಲ, ಅಕ್ಷರಶಃ. ಮೆಥನಾಲ್ ಉರಿ ತೀರ ಮಂಕು ನೀಲಿ. ಮಧ್ಯಾಹ್ನದ ಬೆಳಕಿನಲ್ಲಿ ಬೆಂಕಿ ಹತ್ತಿದ್ದು ಗೊತ್ತಾಗುವುದು ಪ್ಲಾಸ್ಟಿಕ್ ಕರಗುವಾಗ. ಕಬ್ಬು ಕಡಿದ ಹೊಲದಲ್ಲಿ ಒಣ ರವದಿ ಹಾಸಿರುತ್ತದೆ, ಅಲ್ಲಿ ಟ್ರಕ್ಕು ಬಿಡಲೇಬೇಡಿ. ಮೆಥನಾಲ್ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಒಂದು ಕೊಡ ನೀರು ಪಕ್ಕದಲ್ಲಿದ್ದರೆ ಕೆಲಸಕ್ಕೆ ಬರುತ್ತದೆ.

ನೀರಿನಲ್ಲಿ ಕರಗುವ ಗುಣವೇ ಡಬ್ಬಿಯನ್ನೂ ಕೆಡಿಸುತ್ತದೆ. ಮುಚ್ಚಳ ಸಡಿಲ ಬಿಟ್ಟರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ವಿಜಯಪುರದ ಮಾರ್ಚಿನಲ್ಲಿ ಇದು ಅಷ್ಟು ಕಾಡುವುದಿಲ್ಲ. ಜುಲೈನಲ್ಲಿ ಬೆಳಗಾವಿಯಲ್ಲಿ ಗೋಡೆಯೇ ಬೆವರುತ್ತಿರುತ್ತದೆ, ಅರ್ಧ ಖಾಲಿ ಡಬ್ಬಿ ಅಲ್ಲಿ ಬೇಗ ಕೆಡುತ್ತದೆ. ನೀರು ಸೇರಿದ ಇಂಧನಕ್ಕೆ ಟ್ಯೂನ್ ನಿಲ್ಲುವುದಿಲ್ಲ. ಈಗ ಸರಿ ಅನಿಸುತ್ತದೆ, ಐದು ನಿಮಿಷಕ್ಕೆ ಬೇರೆ. ಬಿಸಿಲು ಬೀಳದ ಕಡೆ, ಮುಚ್ಚಳ ಬಿಗಿದು ಇಡಿ. ತೆರೆದ ಡಬ್ಬಿಯನ್ನು ಒಂದೇ ಹಂಗಾಮಿನಲ್ಲಿ ಮುಗಿಸಿ.

ಟ್ಯೂನಿಂಗ್: ಕಾದ ಮೇಲೆ ಮಾತ್ರ

ಕಾರ್ಬ್ಯುರೇಟರಿನ ಮೇಲೆ ಮೂರು ಸ್ಕ್ರೂ ಇರುತ್ತವೆ. ದೊಡ್ಡದು ಹೈ ಸ್ಪೀಡ್ ನೀಡಲ್, ಪೂರ್ತಿ ಥ್ರಾಟಲಿನಲ್ಲಿ ಎಷ್ಟು ಇಂಧನ ಅಂತ ಅದು ಹೇಳುತ್ತದೆ. ಇನ್ನೊಂದು ಲೋ ಸ್ಪೀಡ್ ನೀಡಲ್, ನಿಂತಾಗ ಮತ್ತು ಹೊರಡುವಾಗಿನ ಲೆಕ್ಕ ಅದರದು. ಮೂರನೆಯದು ಐಡಲ್ ಸ್ಕ್ರೂ. ಅದು ಇಂಧನ ಮುಟ್ಟುವುದಿಲ್ಲ, ಬಾಯಿ ಎಷ್ಟು ತೆರೆದಿರಬೇಕು ಅಂತ ಮಾತ್ರ ನೋಡಿಕೊಳ್ಳುತ್ತದೆ. ನೀಡಲ್‌ಗಳನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಲೀನ್, ಎದುರು ದಿಕ್ಕಿಗೆ ರಿಚ್. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಎರಡು ಸ್ಕ್ರೂ ಒಟ್ಟಿಗೆ ಮುಟ್ಟಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ದಾರಿ ತಪ್ಪಿದರೆ ಪುಸ್ತಕದಲ್ಲಿರುವ ಕಂಪನಿಯ ಸೆಟ್ಟಿಂಗಿಗೆ ವಾಪಸ್ ಹೋಗಿ, ಮೊದಲಿಂದ ಶುರು ಮಾಡಿ.

ಎಂಜಿನ್ ಕಾಯದೆ ಟ್ಯೂನಿಂಗ್ ಮಾಡಿದರೆ ಆ ಶ್ರಮ ದಂಡ. ತೋಳಿನ ಟೇಪರ್ ನೆನಪಿದೆಯಲ್ಲ? ನಾಲ್ಕೈದು ನಿಮಿಷ ಓಡಿಸಿ. ಆಮೇಲೆ ಮೊದಲು ಹೈ ಸ್ಪೀಡ್ ನೀಡಲ್. ಉದ್ದ ಜಾಗ ಬೇಕು. ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟದ ಸೆಕ್ಟರುಗಳ ಅಗಲ ರಸ್ತೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಈ ಎಂಜಿನ್ನಿನ ಸದ್ದು ಊರಿಗೆಲ್ಲ ಕೇಳುತ್ತದೆ, ಭಾನುವಾರ ಮಧ್ಯಾಹ್ನ ಮಲಗಿದವರ ಶಾಪ ಕಟ್ಟಿಕೊಳ್ಳಬೇಡಿ. ಪೂರ್ತಿ ಥ್ರಾಟಲ್ ಕೊಟ್ಟು ಮೂವತ್ತು ನಲವತ್ತು ಮೀಟರ್ ಓಡಿಸಿ, ನೋಡಿ, ಕೇಳಿ. ಮಂಕಾಗಿ ಓಡಿ ದಪ್ಪ ಹೊಗೆ ಬಿಟ್ಟರೆ ಚೂರು ಒಳಗೆ ತಿರುಗಿಸಿ. ಸದ್ದು ಸ್ವಚ್ಛವಾಗುತ್ತಾ ಬರುತ್ತದೆ. ಹೊಗೆ ತೆಳುವಾಗುತ್ತದೆ, ಆದರೆ ಕಾಣುತ್ತಿರಬೇಕು. ತಿಳಿ ನೀಲಿ ಗೆರೆಯೊಂದು ಟ್ರಕ್ಕಿನ ಹಿಂದೆ ಎಳೆಯುತ್ತಾ ಹೋಗಬೇಕು. ಆ ಹೊಗೆ ಬೇರೇನೂ ಅಲ್ಲ, ಪೂರ್ತಿ ಉರಿಯದೆ ಹೊರಬಂದ ಎಣ್ಣೆ. ಅದು ಕಂಡರೆ ಒಳಗೂ ಎಣ್ಣೆ ಇದೆ ಅಂತ ಅರ್ಥ. ಹೊಗೆ ನಿಂತು, ಸದ್ದು ತೆಳುವಾಗಿ ಕೀರಲಾದರೆ ತಕ್ಷಣ ಥ್ರಾಟಲ್ ಬಿಡಿ, ಈ ಹೊತ್ತಿನಲ್ಲಿ ಮಾತ್ರ ನೀಡಲ್ ಒಮ್ಮೆಗೇ ಕಾಲು ಸುತ್ತು ಹೊರಗೆ ತಿರುಗಿಸಿ. ಓಡುತ್ತಾ ಓಡುತ್ತಾ ಉಸಿರು ಕಟ್ಟಿದ ಹಾಗೆ ಶಕ್ತಿ ಇಳಿದರೂ ಅದೇ ರೋಗ.

ಕಣ್ಣು, ಕಿವಿ ಪಳಗುವವರೆಗೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಕೋವಿಡ್ ಕಾಲದಲ್ಲಿ ತಂದ, ಹಣೆಗೆ ಹಿಡಿಯುವ ಗನ್ ಮನೆಯಲ್ಲಿ ಬಿದ್ದಿರಬಹುದು. ಅದು ಜ್ವರ ಅಳೆಯಲು ಮಾಡಿದ್ದು, ಇಲ್ಲಿ ನಡೆಯಲ್ಲ. ಹಾರ್ಡ್‌ವೇರ್ ಅಂಗಡಿಯ ಗನ್ ಬೇಕು. ಓಡಿಸಿ ತಂದ ಕೂಡಲೇ ಮೇಲಿನಿಂದ ನೇರ ಪ್ಲಗ್ ಕಡೆ ಗುರಿ ಇಡಿ. 100ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದರೆ ಹೆಚ್ಚಿನ ಎಂಜಿನ್‌ಗಳಿಗೆ ಹಿತ. 130 ದಾಟಿದರೆ ಕೆಲಸ ಕೆಟ್ಟಿದೆ. ಆದರೆ ಅಂಕಿಯನ್ನೇ ನಂಬಿ ಟ್ಯೂನ್ ಮಾಡುವವರನ್ನು ಕಂಡರೆ ನನಗೆ ಭಯ. ಮೇ ತಿಂಗಳ ಬಿಸಿಲಿನಲ್ಲಿ 125 ಇದ್ದೂ ರಿಚ್ ಇರಬಹುದು, ಚಳಿಯ ಬೆಳಿಗ್ಗೆ 100 ಇದ್ದೂ ಲೀನ್ ಇರಬಹುದು. ಮೊದಲು ಹೊಗೆ, ಆಮೇಲೆ ಸದ್ದು, ಕೊನೆಗೆ ಅಂಕಿ.

ಎರಡನೆಯದು ಲೋ ಸ್ಪೀಡ್ ನೀಡಲ್. ಇದಕ್ಕೆ ಒಂದು ಚೆಂದದ ಪರೀಕ್ಷೆ ಇದೆ. ಎಂಜಿನ್ ನಿಂತಲ್ಲೇ ಓಡುತ್ತಿರಲಿ. ಕಾರ್ಬ್ಯುರೇಟರಿಗೆ ಹೋಗುವ ಇಂಧನದ ಪೈಪನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಎರಡರಿಂದ ನಾಲ್ಕು ಸೆಕೆಂಡ್ ಓಡಿ, ಕೊನೆಯಲ್ಲಿ ಸ್ವಲ್ಪ ವೇಗ ಹೆಚ್ಚಿಸಿಕೊಂಡು ನಿಂತರೆ ಸರಿಯಾಗಿದೆ. ಒತ್ತಿದ ಕೂಡಲೇ ಸತ್ತರೆ ಲೀನ್. ಐದಾರು ಸೆಕೆಂಡ್ ಗೊಣಗುತ್ತಾ ಎಳೆದರೆ ರಿಚ್. ಕೊನೆಯಲ್ಲಿ ವೇಗ ಯಾಕೆ ಹೆಚ್ಚುತ್ತದೆ? ಪೈಪಿನಲ್ಲಿ ಉಳಿದ ಇಂಧನ ಮುಗಿಯುತ್ತಾ ಬಂದಂತೆ ಮಿಶ್ರಣ ತಾನಾಗೇ ತೆಳುವಾಗುತ್ತದೆ. ಲೀನ್ ಆಗುವ ಎಂಜಿನ್ ಸಾಯುವ ಮೊದಲು ಚುರುಕಾಗುವುದನ್ನು ಇಲ್ಲಿ ಯಾವ ನಷ್ಟವೂ ಇಲ್ಲದೆ ಕಿವಿಯಾರೆ ಕೇಳಬಹುದು.

ಓಡಿಸುವಾಗಲೂ ಇದರ ಗುರುತು ಸಿಗುತ್ತದೆ. ಜೋರಾಗಿ ಓಡಿಸಿ ಬ್ರೇಕ್ ಹಾಕಿದ ಮೇಲೂ ಎಂಜಿನ್ ಕೆಲ ಹೊತ್ತು ಮೇಲಿನ ಸದ್ದಿನಲ್ಲೇ ಉಳಿದು ನಿಧಾನ ಇಳಿದರೆ ಲೋ ಸ್ಪೀಡ್ ಲೀನ್ ಇದೆ. ಹತ್ತು ಹದಿನೈದು ಸೆಕೆಂಡ್ ನಿಲ್ಲಿಸಿ, ಹೊರಡಲು ಥ್ರಾಟಲ್ ಕೊಟ್ಟಾಗ ಕೆಮ್ಮಿ, ಮೋಡದಷ್ಟು ಹೊಗೆ ಬಿಟ್ಟು ನಿಂತರೆ ರಿಚ್. ಐಡಲ್ ಸ್ಕ್ರೂ ಕೊನೆಗೆ. ಸಾಯದ ಹಾಗೆ, ಕ್ಲಚ್ ಹಿಡಿದು ಗಾಲಿ ತಿರುಗದ ಹಾಗೆ ಇಟ್ಟರೆ ಮುಗಿಯಿತು. ಬಹಳ ಜನ ಲೋ ಸ್ಪೀಡ್ ರಿಚ್ ಇರುವ ಎಂಜಿನ್ನನ್ನು ಐಡಲ್ ಸ್ಕ್ರೂ ಏರಿಸಿ ಬದುಕಿಸಲು ನೋಡುತ್ತಾರೆ. ಅದು ಜ್ವರ ಬಂದವನಿಗೆ ಚಹಾ ಕುಡಿಸಿ ಕೆಲಸಕ್ಕೆ ಕಳಿಸಿದ ಹಾಗೆ.

ಎಷ್ಟು ತಿರುಗಿಸಿದರೂ ಟ್ಯೂನ್ ನಿಲ್ಲದಿದ್ದರೆ ನೀಡಲ್ ಬಿಟ್ಟು ಬೇರೆ ಕಡೆ ನೋಡಿ. ಎಲ್ಲೋ ಗಾಳಿ ಒಳಗೆ ನುಸುಳುತ್ತಿರುತ್ತದೆ: ಕಾರ್ಬ್ಯುರೇಟರಿನ ಬುಡದ ರಬ್ಬರ್ ಉಂಗುರ, ಹಿಂಬದಿಯ ಮುಚ್ಚಳ, ಒಡೆದ ಪೈಪು. ಪೈಪಿನಲ್ಲಿ ಗುಳ್ಳೆ ಓಡುತ್ತಿವೆಯಾ ಅಂತ ಗಮನಿಸಿ. ಸೈಲೆನ್ಸರಿನಿಂದ ಟ್ಯಾಂಕಿಗೆ ಹೋಗುವ ಒತ್ತಡದ ಪೈಪು ಕಳಚಿದ್ದರೂ ಹೀಗೇ ಆಗುತ್ತದೆ. ಪ್ಲಗ್ ಬಿಚ್ಚಿ ನೋಡುವುದೂ ಒಳ್ಳೆಯ ಅಭ್ಯಾಸ. ತಂತಿ ಹೊಳೆಯುತ್ತಿದ್ದರೆ ಸರಿ. ಬೂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ದರೆ ಎಂಜಿನ್ ಲೀನ್ ಓಡಿದೆ.

ಚಳಿ ಕೊಂದದ್ದು ಹೇಗೆ

ಈಗ ಆ ನವೆಂಬರ್ ಬೆಳಗಿನ ಲೆಕ್ಕ. ಗಾಳಿ ಬಿಸಿಯಾದರೆ ತೆಳುವಾಗುತ್ತದೆ, ತಣ್ಣಗಾದರೆ ದಟ್ಟವಾಗುತ್ತದೆ. 31 ಡಿಗ್ರಿಯಿಂದ 16 ಡಿಗ್ರಿಗೆ ಇಳಿದರೆ ಅದೇ ಜಾಗದಲ್ಲಿ ಹಿಡಿಯುವ ಗಾಳಿ ಸುಮಾರು ಶೇ. 5 ಹೆಚ್ಚು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ವಿಜಯಪುರ ಸುಮಾರು 600. ಮೇಲೆ ಹೋದಂತೆ 100 ಮೀಟರಿಗೆ ಸುಮಾರು ಶೇ. 1ರಷ್ಟು ಗಾಳಿ ತೆಳುವಾಗುತ್ತದೆ, ಹಾಗಾಗಿ ಶೇ. 1.5 ಕಳೆಯಿರಿ. ಉಳಿದದ್ದು ಶೇ. 3.5. ಅಷ್ಟು ಗಾಳಿ ಜಾಸ್ತಿ ಒಳಗೆ ಹೋಯಿತು, ನೀಡಲ್ ಮಾತ್ರ ನಿನ್ನೆಯದೇ ಇಂಧನ ಬಿಡುತ್ತಿತ್ತು. ಅಂಚಿಗೆ ತಂದಿಟ್ಟಿದ್ದ ಎಂಜಿನ್ನಿಗೆ ಅಷ್ಟು ಸಾಕಾಯಿತು. ಹೊರಗೆ ಚಳಿ, ಒಳಗೆ ಎಣ್ಣೆಯ ಬರ.

ಮೇ ತಿಂಗಳಲ್ಲಿ ಇದು ತಿರುಗುಮುರುಗು. ಜನವರಿಯ ಬೆಳಗಾವಿಯಲ್ಲಿ 14 ಡಿಗ್ರಿಗೆ ಹೊಂದಿಸಿದ ಟ್ರಕ್ಕನ್ನು ವಿಜಯಪುರದ 41 ಡಿಗ್ರಿಗೆ ತಂದರೆ ಗಾಳಿ ಸುಮಾರು ಶೇ. 7 ಕಡಿಮೆ. ಟ್ರಕ್ಕು ರಿಚ್ ಆಗಿ ಗೊಳಗೊಳ ಅನ್ನುತ್ತದೆ. ಚೂರು ಒಳಗೆ ತಿರುಗಿಸಬೇಕು. ಆದರೆ ಬಿಸಿ ಗಾಳಿ ತಲೆಯನ್ನು ತಣಿಸುವುದೂ ಕಡಿಮೆ, ಹಾಗಾಗಿ ನಾನು ಪೂರ್ತಿ ಸರಿ ಅನಿಸುವ ಜಾಗಕ್ಕಿಂತ ಒಂದು ಚೂರು ಹಿಂದೆಯೇ ನಿಲ್ಲುತ್ತೇನೆ. ಮಳೆಗಾಲದ ತೇವವೂ ಆಮ್ಲಜನಕದ ಜಾಗ ತಿನ್ನುತ್ತದೆ, ಅದರ ಪರಿಣಾಮವೂ ಬಿಸಿಲಿನ ದಿಕ್ಕಿಗೇ. ಆದರೆ ಕಡಿಮೆ. ಚಳಿಗಾಲದ ಬೆಳಿಗ್ಗೆ ಮಾತ್ರ ಟ್ರಕ್ಕು ನೆಲಕ್ಕಿಡುವ ಮೊದಲೇ ಹೈ ಸ್ಪೀಡ್ ನೀಡಲ್ ಎಂಟನೇ ಒಂದು ಸುತ್ತು ಹೊರಗೆ ತಿರುಗಿಸಿ ಶುರು ಮಾಡುತ್ತೇನೆ.

ಹೊಸ ಎಂಜಿನ್, ಹಳೆ ದೂಳು

ಹೊಸ ಎಂಜಿನ್ನಿಗೆ ನಾಲ್ಕೈದು ಟ್ಯಾಂಕ್ ಪಳಗಿಸುವ ಕಾಲ. ಒಂದು ಟ್ಯಾಂಕ್ ಅಂದರೆ ಟ್ರಕ್ಕಿನ ಅಳತೆಯ ಮೇಲೆ 75ರಿಂದ 150 ಮಿಲಿಲೀಟರ್. ಹಿಂದೆಲ್ಲ ತುಂಬಾ ರಿಚ್ ಇಟ್ಟು, ನಿಂತಲ್ಲೇ ಗಂಟೆಗಟ್ಟಲೆ ಓಡಿಸಿ ಅನ್ನುತ್ತಿದ್ದರು. ಟೇಪರ್ ಗೊತ್ತಾದ ಮೇಲೆ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ತಣ್ಣಗೆ ಓಡಿಸಿದರೆ ತೋಳು ಹಿಗ್ಗುವುದೇ ಇಲ್ಲ, ಪಿಸ್ಟನ್ ಇಡೀ ಹೊತ್ತು ಕಿರಿದಾದ ಬಾಯಿಗೆ ಉಜ್ಜುತ್ತಾ ತನ್ನ ಬಿಗಿಯನ್ನೇ ಕಳೆದುಕೊಳ್ಳುತ್ತದೆ. ಚಾಲೂ ಮಾಡುವ ಮೊದಲು ಹೇರ್ ಡ್ರೈಯರಿನಿಂದ ತಲೆಯನ್ನು ಚೆನ್ನಾಗಿ ಕಾಯಿಸಿ. ರಿಚ್ ಇರಲಿ, ಆದರೆ ಎಂಜಿನ್ 90 ಡಿಗ್ರಿ ದಾಟಿರಲಿ. ಒಂದು ಟ್ಯಾಂಕ್ ಓಡಿಸಿ, ಪೂರ್ತಿ ಆರಿಸಿ, ಮತ್ತೆ ಓಡಿಸಿ. ಮನೆಯವರ ಹೇರ್ ಡ್ರೈಯರ್ ಕೇಳಿ ತೆಗೆದುಕೊಳ್ಳಿ, ವಾಸನೆ ಹೋಗುವುದಿಲ್ಲ.

ಎರೆ ಮಣ್ಣಿನ ದೂಳು ಹಿಟ್ಟಿನಷ್ಟು ನಯ. ಗಾಳಿ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಚ್ಚದಿದ್ದರೆ ಅದು ಸೀದಾ ಒಳಗೆ. ಪ್ರತಿ ಸಲ ಓಡಿಸಿದ ಮೇಲೆ ಸ್ಪಂಜು ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಹಿಂಡಿ ಹಾಕಿ. ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿದರೂ ಈ ದೂಳು ಒಂದು ಸಂಜೆಯಲ್ಲಿ ತೋಳಿನ ಕ್ರೋಮ್ ಮೇಲೆ ಗೀರು ಎಳೆಯುತ್ತದೆ.

ದಿನದ ಆಟ ಮುಗಿದಾಗ ಟ್ಯಾಂಕಿನಲ್ಲಿ ಇಂಧನ ಬಿಡಬೇಡಿ. ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಒಳಗಿರುವುದು ಪೂರ್ತಿ ಉರಿದು ತಾನಾಗೇ ನಿಲ್ಲುವವರೆಗೆ ಬಿಡಿ. ಉಳಿದ ಇಂಧನ ತೇವ ಎಳೆದು ಬೇರಿಂಗಿಗೆ ತುಕ್ಕು ತರುತ್ತದೆ. ಪ್ಲಗ್ ಬಿಚ್ಚಿ ನಾಲ್ಕು ಹನಿ ಆಫ್ಟರ್ ರನ್ ಎಣ್ಣೆ, ಅಂದರೆ ಓಡಿಸಿ ಮುಗಿದ ಮೇಲೆ ಹಾಕುವ ಎಣ್ಣೆ, ಬಿಟ್ಟು, ಕಾರ್ಬ್ಯುರೇಟರಿಗೂ ಎರಡು ಹನಿ ಹಾಕಿ, ನಾಲ್ಕು ಸುತ್ತು ತಿರುಗಿಸಿ ಇಡಿ. ಕೊನೆಗೆ ಫ್ಲೈವೀಲ್, ಅಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ, ತಿರುಗಿಸಿ ಪಿಸ್ಟನ್ನನ್ನು ಕೆಳಗೆ ತನ್ನಿ. ಮೇಲೆ ಬಿಟ್ಟರೆ ಕಾದ ತೋಳು ಆರುತ್ತಾ ಕಿರಿದಾಗಿ ಪಿಸ್ಟನ್ನನ್ನು ಹಿಡಿದುಬಿಡುತ್ತದೆ. ಮರುದಿನ ಚಾಲೂ ಮಾಡಲು ಎಳೆದರೆ ಹಗ್ಗ ಕೈಗೆ ಬರುತ್ತದೆ, ಎಂಜಿನ್ ಅಲುಗುವುದಿಲ್ಲ.

ಪಿಸ್ಟನ್ ಕೆಳಗಿದೆ ಅಂತ ಹೊರಗಿನಿಂದ ಗೊತ್ತಾಗಲಿ ಅಂತ ನಾನು ಹೊಸ ಎಂಜಿನ್ನಿನ ಫ್ಲೈವೀಲ್ ಮೇಲೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ. ಚುಕ್ಕೆ ಕೆಳಗೆ ಬಂದರೆ ಪಿಸ್ಟನ್ ಕೆಳಗೆ. ಅಣ್ಣನ ಮಗ ಅದನ್ನು ನೋಡಿ ಕೇಳಿದ: “ಯಾಕ ಕಾಕಾ, ದೃಷ್ಟಿ ಆಗಬಾರದಂತ ಹಚ್ಚೀರೇನು?” ಪಿಸ್ಟನ್ ವಿಷಯ ಹೇಳಿದೆ. ಅವನು ಪೂರ್ತಿ ನಂಬಲಿಲ್ಲ. ಮರುವಾರ ಅವನ ಟ್ರಕ್ಕಿನ ಬಾನೆಟ್ಟಿನ ಮೇಲೆ ಕಾಡಿಗೆಯ ಬೊಟ್ಟಿತ್ತು. ಫ್ಲೈವೀಲ್ ಮೇಲೆ ಬಿಳಿ ಚುಕ್ಕೆಯೂ ಇತ್ತು.